ದುಬೈ ಹಿಡಿಸಲಿಲ್ಲ

ದುಬೈ ನನಗೆ ಸುತರಾಂ ಹಿಡಿಸಲಿಲ್ಲ. ಆಫೀಸಿನವರು ಕಳಿಸಿದ್ದೇ ಅದಕ್ಕೆ: ಹೋಗಿ ನೋಡಿ ಬನ್ನಿ, ಹಿಡಿಸಿದರೆ ಅಲ್ಲಿನ ಶಾಖೆಗೆ ಹೋಗಿ, ಇಲ್ಲವಾದರೆ ಸಿಂಗಾಪುರದಲ್ಲಿ, ಟುವಾಸ್‌ನ ಆಫೀಸಿನಲ್ಲೇ ಇರಿ. ನಿರ್ಧಾರ ನನಗೇ ಬಿಟ್ಟದ್ದು. ಅದೇ ಊರಿನ ಹೌಗಾಂಗ್‌ ಬಡಾವಣೆಯ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಇರುವುದು, ಕೇಳಬೇಕಾದವರು ಯಾರೂ ಇಲ್ಲ.

ಅಲ್ಲಿ ಕಂಡದ್ದಾದರೂ ಏನು? ಮರಳುಗಾಡಿನಲ್ಲಿ ಮಾಲ್ ಕಟ್ಟಿ, ಅದರೊಳಗೆ ಹಿಮ ತುಂಬಿ, ಆ ಹಿಮದಲ್ಲಿ ನಡುಗುವುದಕ್ಕೆ ಟಿಕೆಟ್ ಇಟ್ಟಿದ್ದಾರೆ. ಕಾಫಿಯ ಮೇಲೆ ಚಿನ್ನದ ಪುಡಿಯಂತೆ! ಎದುರಿಗೇ ಕಾಣುವ ಅಂಗಡಿಗೆ ಟ್ಯಾಕ್ಸಿಯಲ್ಲಿ ಹೋಗಬೇಕು, ರಸ್ತೆ ಅಷ್ಟು ಅಗಲ. ಕುಣಿಯುವ ಕಾರಂಜಿಯನ್ನು ಜನ ಫೋನಿನಲ್ಲೇ ನೋಡುತ್ತಾರೆ. ನಾನೂ ಒಂದು ಫೋಟೊ ತೆಗೆದೆ. ಯಾರಿಗೆ ಕಳಿಸುವುದೆಂದು ತಿಳಿಯದೆ ಅಳಿಸಿಹಾಕಿದೆ.

ಕೊನೆಯ ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬಾಡಿ ಬಿದ್ದಿದ್ದ ಬಸಳೆ ನೋಡಿ, "ದೇವೆರೇ!" ಎಂದು ತುಳುವಿನಲ್ಲಿ ಗೊಣಗಿದೆ. ಪಕ್ಕದಲ್ಲಿ ಟ್ರಾಲಿ ತಳ್ಳುತ್ತಿದ್ದ ಹೆಂಗಸು ನಿಂತೇಬಿಟ್ಟಳು.

"ಈರೆನ ಇಲ್ಲ್ ಓಲು ಅಕ್ಕ?"

ಮನೆ ಎಲ್ಲಿ ಎಂದರೆ ಹೌಗಾಂಗ್ ಎನ್ನಬೇಕಿತ್ತು. ಕಾಪು ಎಂದೆ. ಅವಳು ಉಚ್ಚಿಲದವಳು, ಹೆಸರು ರಜನಿ. ಬಸಳೆಗೆ ಸಿಗಡಿ ಹಾಕಬೇಕು ಎಂದು ನಾನು, ಹಲಸಿನ ಬೀಜವೇ ಸರಿ ಎಂದು ಅವಳು, ಅಲ್ಲೇ ನಿಂತು ಜಗಳವಾಡಿದೆವು. ಇಬ್ಬರೂ ಸೋಲಲಿಲ್ಲ. ನಂಬರ್ ಕೊಟ್ಟು ಹೋದಳು. ನಾನು ರೂಮಿಗೆ ಬಂದು ಅತ್ತೆ. ಅಷ್ಟು ಹೊತ್ತು ತುಳು ಮಾತಾಡಿ ಎಷ್ಟು ಕಾಲವಾಗಿತ್ತೋ.

ಸಿಂಗಾಪುರಕ್ಕೆ ಮರಳಿದಾಗ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ನೆಲಮಹಡಿಯ ತೆರೆದ ಜಾಗದಲ್ಲಿ, ಎದುರುಮನೆಯ ಆಂಟಿ ಸಿಕ್ಕರು. ಗುಡ್ ಮಾರ್ನಿಂಗ್ ಎಂದರು. ಕೈಯಲ್ಲಿ ಸೂಟ್‌ಕೇಸ್ ಇದ್ದರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಒಳ್ಳೆಯವರೇ ಪಾಪ. ನಾನು ಊರಲ್ಲಿರಲಿಲ್ಲ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ನನ್ನ ಬಾಸ್ ಸಂಪತ್, ಬೆಂಗಳೂರಿನವರು, ಕುರ್ಚಿ ಎಳೆದುಕೊಂಡು ಕೂತರು.

"ಹೇಗಿತ್ತು ಮೋಹಿನಿ ಮೇಡಮ್?"

ಹಿಮ, ಚಿನ್ನದ ಕಾಫಿ, ಕಾರಂಜಿ, ಒಂದನ್ನೂ ಬಿಡದೆ ಬೈದೆ. ಅವರು ನಕ್ಕೂ ನಕ್ಕೂ ಸುಸ್ತಾದರು.

"ಸರಿ ಬಿಡಿ, ಟ್ರಾನ್ಸ್‌ಫರ್ ಕ್ಯಾನ್ಸಲ್ ಮಾಡ್ಬಿಡ್ತೀನಿ."

"ಊರು ಹಿಡಿಸಲಿಲ್ಲ ಅಂದೆ. ಹೋಗಲ್ಲ ಅಂದ್ನಾ?"

"ಮತ್ತೆ? ಅಲ್ಲೇನಿದೆ ಅಂತ ಶಿಫ್ಟ್ ಆಗ್ತೀರಾ?"

ತಮಾಷೆಯಾಗಿ ಉತ್ತರ ಕೊಡಬೇಕೆಂದಿದ್ದೆ. ನಿಜವೇ ಬಾಯಿಗೆ ಬಂತು.

"ಜಗಳ ಆಡೋಕೆ ಒಬ್ಬಳಿದ್ದಾಳೆ ಸಂಪತ್," ಎಂದೆ. "ಇಲ್ಲಿ ನಂಗೆ ಅಷ್ಟೂ ಇಲ್ಲ."