ಡಿಕ್ಕಿಗೆ ಇಳಿದ ನೀರು

ಸದಾ ಮಳೆ ಸುರಿಯುವ ಕೀಲುಂಗ್‌ನಲ್ಲಿ ಕಾರಿನ ಮೇಲೆ ನೀರು ಬಿಟ್ಟು ಪರೀಕ್ಷೆ ಮಾಡಬೇಕಾದರೆ ಮೊದಲು ಮಳೆಯಿಂದ ತಪ್ಪಿಸಿಕೊಳ್ಳಬೇಕು. ಹಾಗಾಗಿ ಬಿಂಗ್‌ಹುಯಿ ತನ್ನ ಬೂದು ಬಣ್ಣದ ಕಾರನ್ನು ಮೇಲ್ಸೇತುವೆಯ ಕೆಳಗೆ ತಂದು ನಿಲ್ಲಿಸಿ, ಪಕ್ಕದ ಮೀನಂಗಡಿಯ ನಲ್ಲಿಗೆ ಪೈಪು ಸಿಕ್ಕಿಸಿದ್ದ. ಅವನ ಹೆಂಡತಿ ಸುಚಿನ್ ಚಪ್ಪಲಿ ಬಿಟ್ಟು, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು, ಟಾರ್ಚು ಹಿಡಿದು ಡಿಕ್ಕಿಯ ಮುಂದೆ ನಿಂತಿದ್ದಳು. ಅವಳ ತಮ್ಮ ತಿಯೆನ್‌ಫಾ ಸ್ವಲ್ಪ ದೂರದಲ್ಲಿ ಸೇತುವೆಯ ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು, ಗಂಡ ಹೆಂಡತಿ ಇಬ್ಬರನ್ನೂ ಬಿಟ್ಟು ಮೀನಂಗಡಿಯ ಬೆಕ್ಕನ್ನು ನೋಡುತ್ತಿದ್ದ.

"ಮತ್ತೊಂದ್ಸಲ ಹೇಳು," ಅಂದಳು ಸುಚಿನ್ ಗಂಡನಿಗೆ. "ಅವನ ಎದುರಿಗೇ ಹೇಳು."

"ಎಷ್ಟು ಸಲ ಹೇಳೋದು? ನೀರು ಕೆಳಗಿಂದ ಬಂದ್ರೆ ತಳ ತುಕ್ಕು ಹಿಡಿದಿದೆ, ಕಾರು ಮುಳುಗಿದ್ದು ನಿಜ. ನಿನ್ನ ತಮ್ಮ ಒಪ್ಕೋಬೇಕು. ಮೇಲಿಂದ ಬಂದ್ರೆ ನಾನು ತಪ್ಪಾಯ್ತು ಅಂತೀನಿ."

"ಎಲ್ಲಿ ಅಂತೀಯ?"

"ನಿಮ್ಮಮ್ಮನ ಮನೇಲಿ. ಎಲ್ಲರ ಮುಂದೆ. ಸಾಕಾ?"

ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ಬಿಂಗ್‌ಹುಯಿ ಯಾರಿಗೂ ತಪ್ಪಾಯಿತು ಎಂದದ್ದನ್ನು ಸುಚಿನ್ ಕೇಳಿರಲಿಲ್ಲ. ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದರೂ ಅವರ ಕಾಲು ಅಲ್ಲಿ ಯಾಕಿತ್ತು ಎಂದು ಕೇಳುವ ಜಾತಿ. ಇಷ್ಟು ಸುಲಭವಾಗಿ ಒಪ್ಪಿಕೊಂಡಿದ್ದಾನೆಂದರೆ ತಾನು ಸೋಲುವ ಪ್ರಶ್ನೆಯೇ ಇಲ್ಲ ಎಂಬ ಧೈರ್ಯ, ಅಷ್ಟೇ.

ಇಬ್ಬರದ್ದೂ ಪರದೆ ಅಂಗಡಿ. ಅವಳು ಹೊಲಿಯುತ್ತಾಳೆ, ಅವನು ಮನೆಮನೆಗೆ ಹೋಗಿ ಗೋಡೆ ಕೊರೆದು ಕಂಬಿ ಕೂರಿಸುತ್ತಾನೆ. ಹಳೆಯ ವ್ಯಾನು ಕೈಕೊಟ್ಟಾಗ ತಿಯೆನ್‌ಫಾ ತಾನು ಓಡಿಸುತ್ತಿದ್ದ ಕಾರನ್ನೇ ಅಕ್ಕನಿಗೆ ಕೊಟ್ಟ. ಬಾದೋಝಿ ಬಂದರಿನಲ್ಲಿ ಅವನದು ಗಾಳ, ದಾರ, ಮೀನಿನ ಎರೆ ಮಾರುವ ಅಂಗಡಿ. ಕಾರಿನಲ್ಲಿ ಎರೆಯ ವಾಸನೆ ಇತ್ತೇ ಹೊರತು ಬೇರೆ ದೋಷ ಇರಲಿಲ್ಲ. ಆದರೆ ಕಾರು ಬಂದು ಎರಡು ತಿಂಗಳು ತುಂಬುವುದರೊಳಗೆ ಡಿಕ್ಕಿಯಲ್ಲಿ ನೀರು ನಿಲ್ಲಲು ಶುರುವಾಯಿತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕಪ್ಪೆ ಸಾಕಬಹುದಾದಷ್ಟು ನೀರು. ಹೋಟೆಲೊಂದಕ್ಕೆ ಹೊಲಿದ ತಿಳಿನೀಲಿ ಪರದೆಗಳು ಅದರಲ್ಲಿ ಮುಗ್ಗಿಹೋದವು.

ಎಂಟನೇ ತಿಂಗಳ ಹುಣ್ಣಿಮೆಗೆ ಸುಚಿನ್‌ಳ ತವರಿನಲ್ಲಿ ಎಲ್ಲರೂ ಸೇರಿ ಮಾಂಸ ಸುಡುವುದು ರೂಢಿ. ಆ ವರ್ಷ ಇದ್ದಿಲು ತರುವ ಪಾಳಿ ಬಿಂಗ್‌ಹುಯಿಯದು. ತಾರಸಿಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಇದ್ದಿಲಿನಿಂದ ನೀರು ಸುರಿಯುತ್ತಿತ್ತು. ಹಸಿ ಮಾಂಸ ಮುಂದಿಟ್ಟುಕೊಂಡು ಹತ್ತು ಜನ ಅವನ ಮುಖ ನೋಡಿದರು. ಅವನಿಗೆ ಯಾರದಾದರೂ ತಪ್ಪು ಬೇಕಾಗಿತ್ತು.

"ಮುಳುಗಿದ ಕಾರನ್ನ ಒರೆಸಿ ಸ್ವಂತ ಅಕ್ಕನ ತಲೆಗೆ ಕಟ್ಟಿದ್ದಾನೆ," ಎಂದುಬಿಟ್ಟ. "ಹೋದ ವರ್ಷದ ಚಂಡಮಾರುತದಲ್ಲಿ ಬಂದರು ತುಂಬಿತ್ತಲ್ಲ, ಆಗ ಇದು ಎಲ್ಲಿತ್ತು, ಕೇಳಿ."

ತಿಯೆನ್‌ಫಾ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟು ಮೆಟ್ಟಿಲಿಳಿದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತಮ್ಮ ಅಕ್ಕನ ಅಂಗಡಿಯ ಬೀದಿಗೂ ಕಾಲಿಟ್ಟಿರಲಿಲ್ಲ. ಈಗ ಹೊಸ ವರ್ಷ ಹತ್ತಿರ ಬಂದಿತ್ತು. ಹಬ್ಬದ ಎರಡನೇ ದಿನ, ಮದುವೆಯಾದ ಹೆಣ್ಣುಮಕ್ಕಳು ಗಂಡನ ಜೊತೆ ತವರಿಗೆ ಹೋಗಬೇಕು. ತಾಯಿ ಫೋನಿನಲ್ಲಿ ಸುತ್ತಿಬಳಸದೆ ಕೇಳಿದ್ದಳು: "ನಿನ್ನ ಗಂಡ ಹೊಸಿಲು ದಾಟಿದ್ರೆ ಇವನು ಹಿತ್ತಿಲಿಂದ ಎದ್ದು ಹೋಗ್ತಾನಂತೆ. ನಾನು ಯಾರಿಗೆ ಅನ್ನ ಬಡಿಸ್ಲಿ, ನೀನೇ ಹೇಳು."

ಸುಚಿನ್‌ಗೆ ಅಪ್ಪ ಹೋದ ಮೇಲೆ ತವರೆಂದರೆ ಆ ತಮ್ಮನೇ. ಅವನು ಎದ್ದುಹೋದ ಮನೆಯಲ್ಲಿ ಕೂತು ಉಣ್ಣುವುದಕ್ಕಿಂತ ಹೋಗದಿರುವುದೇ ವಾಸಿ ಎಂದು ಅವಳು ಅಂಗಡಿಯಲ್ಲಿ ಒಬ್ಬಳೇ ಕೂತು ಅತ್ತಿದ್ದಳು.

ಬಿಂಗ್‌ಹುಯಿ ಸುಮ್ಮನೆ ಕೂತಿರಲಿಲ್ಲ. ಡಿಕ್ಕಿಯ ಸುತ್ತಲ ರಬ್ಬರ್ ಬೀಡಿಂಗ್ ಬದಲಿಸಿದ್ದ. ಹಿಂದಿನ ಲೈಟುಗಳನ್ನು ಬಿಚ್ಚಿ ಹೊಸ ಗಮ್ ಹಾಕಿ ಕೂರಿಸಿದ್ದ. ಹಿಂಗಾಜಿನ ಅಂಚಿಗೆ ಗಮ್ ಬಳಿದಿದ್ದ. ತಳಕ್ಕೆಲ್ಲ ಪೌಡರ್ ಉದುರಿಸಿ ನೀರಿನ ಜಾಡು ಹುಡುಕಿದ್ದ. ಪೌಡರಿನಲ್ಲಿ ಒಂದು ದಿನ ಹಿಂದಿನ ಸೀಟಿನ ಮೂಲೆಯಲ್ಲಿ ಗೆರೆ, ಇನ್ನೊಂದು ದಿನ ಬೀಗದ ಹತ್ತಿರ. ಮುಚ್ಚಳ ಎತ್ತಿದಾಗ ಒಂದು ಕಡೆ, ಮುಚ್ಚಿದಾಗ ಮತ್ತೊಂದು ಕಡೆ. ನೀರಿಗೂ ಅವನಿಗೂ ಕಣ್ಣಾಮುಚ್ಚಾಲೆ ನಡೆದಿತ್ತು. ಸೀಟು ಕಿತ್ತು ಕೆಸರು ಹುಡುಕಿದ, ಸಿಗಲಿಲ್ಲ. "ಚೆನ್ನಾಗಿ ತೊಳೆದಿದ್ದಾನೆ," ಎಂದ. ಉಳಿದದ್ದು ಒಂದೇ ದಾರಿ: ಒಬ್ಬರು ಒಳಗೆ ಮಲಗಿ ಮುಚ್ಚಳ ಹಾಕಿಸಿಕೊಳ್ಳಬೇಕು, ಇನ್ನೊಬ್ಬರು ಹೊರಗಿಂದ ನೀರು ಬಿಡಬೇಕು. ಒಳಗಿನವರು ಯಾರ ಪರವೂ ಆಗಿರಬಾರದು. ಹಾಗೆ ನೋಡಿದರೆ ಸುಚಿನ್ ಇಬ್ಬರ ಪರವೂ ಆಗಿದ್ದಳು. ಅದೂ ಆಗುತ್ತದೆ ಎಂದು ತಿಯೆನ್‌ಫಾ ಒಪ್ಪಿದ, ಆದರೆ ತಾನು ನಿಂತು ನೋಡುತ್ತೇನೆ ಎಂದ.

ಅವಳು ಮೊಣಕಾಲು ಮಡಚಿ ಒಳಗೆ ಮಲಗಿದಳು. ಮುಚ್ಚಳ ಬಿತ್ತು.

"ಕೆಳಗಿಂದ ಶುರು ಮಾಡಿ, ಭಾವ," ತಿಯೆನ್‌ಫಾನ ದನಿ ಕೇಳಿತು. "ಮೊದಲೇ ಮೇಲೆ ಬಿಟ್ರೆ ಎಲ್ಲ ಕಡೆನೂ ಹರಿಯತ್ತೆ, ಏನೂ ಗೊತ್ತಾಗಲ್ಲ."

"ನನಗೆ ಹೇಳಿಕೊಡ್ಬೇಡ."

"ಸರಿ. ಹೇಳಿಕೊಡಲ್ಲ. ನೋಡ್ತಿದ್ದೀನಿ."

ನೀರು ಬಂಪರಿಗೆ ಬಡಿಯಿತು. ಸುಚಿನ್ ಟಾರ್ಚನ್ನು ತಳದ ಬೆಸುಗೆಗಳ ಮೇಲೆ ಆಡಿಸಿದಳು. ಒಣಗಿಯೇ ಇತ್ತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಗಾಲಿಯ ಕಡೆಯಿಂದ ಬಿಟ್ಟರು, ಲೈಟುಗಳ ಮೇಲೆ ಬಿಟ್ಟರು. ಒಣಗಿಯೇ ಇತ್ತು. "ಏನಾದ್ರೂ ಕಾಣ್ತಾ?" ಎಂದು ಗಂಡ ಕೂಗುವುದು, "ಇಲ್ಲ" ಎಂದು ಇವಳು ಕೂಗುವುದು. ಪ್ರತಿ ಸಲವೂ ಅವನ ದನಿ ಸ್ವಲ್ಪ ಏರುತ್ತಿತ್ತು. ಹಳೆ ಎರೆಯ ವಾಸನೆ ಇನ್ನೂ ಹೋಗಿರಲಿಲ್ಲ; ಚಿಕ್ಕಂದಿನಲ್ಲಿ ತಮ್ಮನ ಜೊತೆ ಬಂಡೆ ಮೇಲೆ ಕೂತು ಗಾಳ ಹಾಕುತ್ತಿದ್ದಾಗಿನ ವಾಸನೆ.

ಕಣ್ಣಿಗೆ ಆಯಾಸವಾಗಿ ಅವಳು ಟಾರ್ಚು ಆರಿಸಿದಳು. ಆಗ ಕಂಡಿತು.

ಮುಚ್ಚಳದ ಒಳತಗಡಿನಲ್ಲಿದ್ದ ಕಿಂಡಿಯ ಮೂಲಕ, ಮೇಲ್ತಗಡಿನಲ್ಲಿ ಮೂರು ಕೆಂಪು ಚುಕ್ಕೆಗಳು. ಕತ್ತಲಲ್ಲಿ ಹಚ್ಚಿಟ್ಟ ಮೂರು ಊದಿನಕಡ್ಡಿಗಳ ತುದಿ ಇದ್ದ ಹಾಗೆ ಮಿನುಗುತ್ತಿದ್ದವು. ಹಗಲ ಬೆಳಕು ತೂತಿನಿಂದ ಬರುತ್ತಿತ್ತು, ಆದರೆ ಕೆಂಪಾಗಿ ಯಾಕೆ? ಮರುಗಳಿಗೆಯಲ್ಲೇ ಅವಳಿಗೆ ಹೊಳೆಯಿತು.

ಏಳನೇ ತಿಂಗಳಲ್ಲಿ, ಒಡೆಯರಿಲ್ಲದ ಸತ್ತವರಿಗೆಲ್ಲ ಊರು ಅನ್ನವಿಡುವ ಕಾಲದಲ್ಲಿ, ಒಂದೊಂದು ಮನೆತನದವರೂ ತಮ್ಮ ಹೆಸರಿನ ದೀಪ ಹೊತ್ತು ಮೆರವಣಿಗೆ ಹೊರಡುತ್ತಾರೆ. ಬಿಂಗ್‌ಹುಯಿಯದು ಲಾಯ್ ಮನೆತನ. ಈ ಸಲ ನಮ್ಮ ಕಾರೂ ಸಾಲಿನಲ್ಲಿರಬೇಕು ಎಂದು ಹಟ ಹಿಡಿದು, ಡಿಕ್ಕಿಯ ಮುಚ್ಚಳದ ಮೇಲೆ ಆಳುದ್ದದ ದೀಪ ನಿಲ್ಲಿಸಿದ್ದ. ಕಟ್ಟಿದರೆ ಸಾಕಿತ್ತು. ಆದರೆ ದಿನವಿಡೀ ಗೋಡೆ ಕೊರೆಯುವವನಿಗೆ ಹಗ್ಗದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಡ್ರಿಲ್ಲು ತಂದು ಬೋಲ್ಟಿಗೆ ಎರಡು ತೂತು, ವೈರಿಗೆ ಒಂದು. ದೀಪ ಇಳಿಸಿದ ಮೇಲೆ ತೂತುಗಳು ಕಾಣದಂತೆ ದೇವಸ್ಥಾನದಿಂದ ತಂದ ಕೆಂಪು ಸ್ಟಿಕ್ಕರ್ ಅಂಟಿಸಿದ: ಹೋಗಿಬರುವುದು ಸುಖವಾಗಿರಲಿ. ಬೋಲ್ಟು ಹಿಡಿದುಕೊಟ್ಟವಳು, ಸ್ಟಿಕ್ಕರಿನ ಮೇಲೆ ಅಂಗೈಯಿಂದ ಒತ್ತಿದವಳು ಅವಳೇ. ದೇವರ ಸ್ಟಿಕ್ಕರ್ ಎಂದು ಆಮೇಲೆ ಅದರ ಹತ್ತಿರ ಯಾರೂ ಉಗುರು ಕೂಡ ತಾಗಿಸಿರಲಿಲ್ಲ. ಇಡೀ ಕಾರಿಗೆ ಗಮ್ ಬಳಿದ ಬಿಂಗ್‌ಹುಯಿ ಅದೊಂದರ ಸುತ್ತ ಮಾತ್ರ ಭಕ್ತಿಯಿಂದ ಬಳಸಿಕೊಂಡು ಹೋಗಿದ್ದ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

ಈಗ ಪೈಪು ಮುಚ್ಚಳದ ಮೇಲೆ ಬಂತು. ಮೂರು ಚುಕ್ಕೆಗಳೂ ಮಸುಕಾದವು. ತಗಡಿನ ಒಳಮೈಗುಂಟ ಒಂದು ಹನಿ ಜಾರಿ, ಬೀಗದ ಹತ್ತಿರ ತೂಗಿ, ಅವಳ ಮೊಣಕೈ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

"ಏನಾದ್ರೂ ಕಾಣ್ತಾ?" ಗಂಡ ಕೂಗಿದ.

ಅವಳು ಬೆರಳಿನಿಂದ ಹನಿಯನ್ನು ಮುಟ್ಟಿ ನೋಡಿದಳು. ತಮ್ಮನದು ತಪ್ಪಿಲ್ಲ ಎಂದು ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ ಗಂಡನ ಮೇಲೆ ಅಯ್ಯೋ ಅನ್ನಿಸಿತು. ಹೊರಗೆ ಹೋಗಿ ಇದನ್ನು ಹೇಳಿದರೆ ಅವನು ನೂರು ನೆಪ ಹೂಡುತ್ತಾನೆ: ಕತ್ತಲಲ್ಲಿ ನಿನಗೇನು ಕಂಡೀತು, ನಿನ್ನ ತಮ್ಮನ ಪರ ನೀನು ಅನ್ನುತ್ತಾನೆ.

"ಸುಚಿನ್! ಏ! ಉಸಿರಾಡ್ತಿದೀಯಾ?"

"ತೆಗಿ."

ಮುಚ್ಚಳ ಎದ್ದಿತು. ಇಬ್ಬರು ಗಂಡಸರೂ ಬಗ್ಗಿ ಅವಳ ಮುಖ ನೋಡಿದರು. ಅವಳು ತೋಳು ಒರೆಸಿಕೊಂಡು ಕೆಳಗಿಳಿದು ಚಪ್ಪಲಿ ಮೆಟ್ಟಿದಳು.

"ಎಲ್ಲಿಂದ ಬರ್ತಿದೆ?"

"ನೀನೇ ಮಲಕ್ಕೊಂಡು ನೋಡು."

"ನಾನು ಹಿಡಿಸ್ತೀನಾ ಅದರೊಳಗೆ?"

"ಹಿಡಿಸ್ದಿದ್ರೆ ಹೊಟ್ಟೆ ಒಳಗೆ ಎಳ್ಕೋ. ಟಾರ್ಚು ಬೇಡ, ಕತ್ತಲಲ್ಲೇ ಕಾಣತ್ತೆ. ಫಾ, ಪೈಪು ನೀನು ಹಿಡಿ."

ಬಿಂಗ್‌ಹುಯಿಯನ್ನು ಡಿಕ್ಕಿಗೆ ತುಂಬುವುದು ಸಣ್ಣ ಕೆಲಸವಾಗಿರಲಿಲ್ಲ. ಒಂದು ಕಾಲು ಒಳಗೆ ಹೋದರೆ ತಲೆ ಹೊರಗೆ, ತಲೆ ಹೋದರೆ ಹಿಂಭಾಗ ಹೊರಗೆ. ಮೀನಂಗಡಿಯಾಕೆ ಚಾಕು ಕೆಳಗಿಟ್ಟು ಬಂದು ನಿಂತಳು. "ಮೊದಲು ಬಾಲ ಮಡಚಬೇಕು ಕಣಪ್ಪಾ, ಆಮೇಲೆ ತಲೆ," ಎಂದು ಕಸುಬಿನ ಸಲಹೆ ಕೊಟ್ಟಳು. ಅಂತೂ ಮುಚ್ಚಳ ಕೂತಿತು.

ತಿಯೆನ್‌ಫಾ ಪೈಪು ಹಿಡಿದು ಅಕ್ಕನ ಮುಖ ನೋಡಿದ. ಅವಳು ಬೆರಳಿನಿಂದ ಸ್ಟಿಕ್ಕರ್ ತೋರಿಸಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಧಾನವಾಗಿ, ಬೇರೆಲ್ಲಿಗೂ ಸಿಡಿಯದ ಹಾಗೆ, ಅದೊಂದರ ಮೇಲೆ ನೀರು ಬಿಟ್ಟ.

ಡಿಕ್ಕಿಯಿಂದ ಸದ್ದಿಲ್ಲ.

"ಕಾಣ್ತಾ?" ಎಂದಳು ಸುಚಿನ್.

ಮೇಲೆ ಸೇತುವೆಯಲ್ಲಿ ಲಾರಿಯೊಂದು ಹಾದುಹೋಯಿತು.

"ಮುಖದ ಮೇಲೇ ಬೀಳ್ತಿದೆ," ಒಳಗಿನಿಂದ ದನಿ ಬಂತು. ಇಷ್ಟು ಸಣ್ಣ ದನಿ ಅವನಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. "ದೀಪದ ತೂತು."

"ಹೊರಗೆ ಬರ್ತೀಯಾ?"

"ಇರು. ತೆಗೀಬೇಡ." ಒಳಗೆ ತಗಡು ಕಿರುಗುಟ್ಟಿತು. "ಅವನು ಅಲ್ಲೇ ಇದ್ದಾನಾ?"

"ಪೈಪು ಹಿಡಿದಿರೋದೇ ಅವನು."

"ಫಾ... ತಪ್ಪಾಯ್ತು ಕಣಯ್ಯಾ."

ತಿಯೆನ್‌ಫಾ ಪೈಪನ್ನು ಅಲುಗಿಸಲಿಲ್ಲ. "ನೀರಿನ ಸದ್ದು, ಭಾವ. ಕೇಳಿಸ್ತಿಲ್ಲ."

"ತಪ್ಪಾಯ್ತು ಅಂದೆ!"

ಸುಚಿನ್ ಹೋಗಿ ನಲ್ಲಿ ನಿಲ್ಲಿಸಿದಳು. ನೀರಿನ ಸದ್ದು ನಿಂತಿತು.

"ಇನ್ನೂ ಕೇಳಿಸ್ತಿಲ್ಲ," ಎಂದ ತಿಯೆನ್‌ಫಾ.

"ತಪ್ಪು ನಂದೇ! ನಿನ್ನ ಕಾರು ಮುಳುಗಿರಲಿಲ್ಲ! ನಾನೇ ಕೊರೆದು ನಾನೇ ಮರೆತೆ!"

ತಗಡಿನ ಪೆಟ್ಟಿಗೆಯಿಂದ ಹೊರಟ ಆ ಕೂಗಿಗೆ ಬೆಕ್ಕು ಓಡಿಹೋಯಿತು. ಮೀನಂಗಡಿಯಾಕೆ ಬಾಯಿಗೆ ಸೆರಗಿಲ್ಲದ್ದರಿಂದ ಕೈಗವಸನ್ನೇ ಒತ್ತಿಕೊಂಡಳು. ತಮ್ಮನೂ ನಗುತ್ತಾನೆ ಎಂದು ಸುಚಿನ್ ತಿರುಗಿದಳು. ಅವನು ನಗುತ್ತಿರಲಿಲ್ಲ. ಪೈಪನ್ನು ನೆಲಕ್ಕೆ ಹಾಕಿ, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಅಕ್ಕಾ, ಆವತ್ತು ಚಂಡಮಾರುತದ ದಿನ ಕಾರು ಬಂದರಿನಲ್ಲೇ ಇತ್ತು," ಎಂದ, ಒಳಗೆ ಕೇಳಿಸದಷ್ಟು ಮೆಲ್ಲಗೆ. "ಬೆಳಿಗ್ಗೆ ಹೋಗಿ ನೋಡಿದೆ, ನೀರು ಗಾಲಿಗೂ ಮುಟ್ಟಿರಲಿಲ್ಲ. ನನ್ನ ಕಣ್ಣಾರೆ ನೋಡಿದ್ದೆ. ಆದ್ರೆ ಭಾವ ಹಾಗಂದ ಮೇಲೆ, ಸರಿಯಾಗಿ ನೋಡಿದ್ನಾ, ರಾತ್ರಿ ನೀರು ಏರಿ ಇಳಿದಿತ್ತೇನೋ, ಗೊತ್ತಿದ್ದೂ ನಿನಗೆ ಕೊಟ್ಬಿಟ್ನೇನೋ ಅಂತ... ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಇವತ್ತು ನಾನು ನೋಡೋಕೆ ಬಂದಿದ್ದು ಅದನ್ನ."

ಸುಚಿನ್ ಅವನ ತೋಳು ಹಿಡಿದುಕೊಂಡಳು. ಇಷ್ಟು ದಿನ ಅವನು ಅಂಗಡಿ ಕಡೆ ಬಾರದ್ದು ಸಿಟ್ಟಿನಿಂದ ಅಂದುಕೊಂಡಿದ್ದಳು. ಅವನನ್ನು ದೂರ ಇಟ್ಟದ್ದು ಭಯ.

"ಸೆಕೆ ಆಗ್ತಿದೆ," ಎಂದಿತು ಡಿಕ್ಕಿ.

ಸ್ಟಿಕ್ಕರ್ ಕೀಳಲು ಗಂಡಸರಿಬ್ಬರೂ ಹಿಂಜರಿದರು. ಸುಚಿನ್ ದೇವಸ್ಥಾನವಿರುವ ದಿಕ್ಕಿಗೆ ಕೈಮುಗಿದು, ಉಗುರಿನಿಂದ ಮೂಲೆ ಎತ್ತಿ, ಹರಿಯದಂತೆ ಬಿಡಿಸಿದಳು. ತಿಯೆನ್‌ಫಾ ತೂತಿನ ಅಂಚಿನ ತುಕ್ಕು ಉಜ್ಜಿ ತೆಗೆದ, ಬಿಂಗ್‌ಹುಯಿ ಬಣ್ಣ ಸವರಿ, ಒಂದೊಂದು ತೂತಿಗೂ ರಬ್ಬರ್ ಬಿರಡೆ ಕೂರಿಸಿ ಸುತ್ತ ಗಮ್ ತುಂಬಿದ. ಗಮ್ ಒಣಗುವ ತನಕ ಮೂವರೂ ಮೀನಂಗಡಿಯ ಬೆಂಚಿನ ಮೇಲೆ ಕೂತು ಬಿಸಿ ಮೀನುಂಡೆ ಸಾರು ಕುಡಿದರು. ಮತ್ತೊಮ್ಮೆ ನೀರು ಬಿಟ್ಟರು, ಸುಚಿನ್ ಮತ್ತೊಮ್ಮೆ ಒಳಗೆ ಮಲಗಿದಳು. ಈ ಸಲ ಪೂರ್ತಿ ಕತ್ತಲೆ, ಒಂದು ಹನಿಯೂ ಇಲ್ಲ.

ಹೊಸ ವರ್ಷದ ಎರಡನೇ ದಿನ ಮಳೆ ಜಡಿಯುತ್ತಿತ್ತು. ತವರಿನ ಮೇಜಿನ ಸುತ್ತ ಎಲ್ಲರೂ ಸೇರಿದ್ದರು, ತಿಯೆನ್‌ಫಾನೂ ಇದ್ದ. ಕಾರಿನ ಡಿಕ್ಕಿಯಲ್ಲಿ ತಂದ ಉಡುಗೊರೆಯ ಪೆಟ್ಟಿಗೆಗಳನ್ನು ತಾಯಿ ಒಂದೊಂದಾಗಿ ಮುಟ್ಟಿ ನೋಡಿದಳು. ಒಣಗಿದ್ದವು.

"ಹಾಗಾದ್ರೆ ನೀರು ಎಲ್ಲಿಂದ ಬರ್ತಿತ್ತು ಅಂತ ಕೊನೆಗೂ ಗೊತ್ತಾಯ್ತಾ?" ಎಂದಳು.

ಚಾಪ್‌ಸ್ಟಿಕ್ಕುಗಳು ನಿಂತವು. ಸುಚಿನ್ ಗಂಡನ ಕಡೆ ನೋಡಲಿಲ್ಲ. ಡಿಕ್ಕಿಯಿಂದ ಒಂದು ಸಲ ಕೂಗಿ ಆಗಿದೆ. ಇಲ್ಲಿ ಮುಚ್ಚಳವಿಲ್ಲ, ಇಷ್ಟೊಂದು ಮುಖಗಳು. ಅವನಿಂದ ಆಗಲಿಕ್ಕಿಲ್ಲ ಎಂದುಕೊಂಡಳು. ತಿಯೆನ್‌ಫಾನಿಗೂ ಹಾಗೇ ಅನ್ನಿಸಿರಬೇಕು.

"ಮೇಲಿಂದಮ್ಮಾ," ಎಂದ ಅವನು, ತಟ್ಟೆಯಿಂದ ಕಣ್ಣೆತ್ತದೆ. "ಮಳೆ ಅಲ್ವಾ, ಎಲ್ಲೋ ಸಂದಿಯಿಂದ ಇಳೀತಿತ್ತು. ಮುಗೀತು ಬಿಡು. ಊಟ ಮಾಡು."

ತಾಯಿ ತಲೆಯಾಡಿಸಿದಳು. ಚಾಪ್‌ಸ್ಟಿಕ್ಕುಗಳು ಮತ್ತೆ ಆಡತೊಡಗಿದವು. ಬಿಂಗ್‌ಹುಯಿ ತನ್ನವನ್ನು ಬಟ್ಟಲಿನ ಮೇಲೆ ಇಟ್ಟ.

"ಸಂದಿ ಅಲ್ಲಮ್ಮ," ಎಂದ. ಕಿವಿಯವರೆಗೂ ಕೆಂಪಾಗಿದ್ದ. "ನಾನೇ ಕೊರೆದ ತೂತು. ಇವನ ಮೇಲೆ ಹಾಕಿದ್ದೆ."

ತಿಯೆನ್‌ಫಾ ಆವಿಯಾಡುತ್ತಿದ್ದ ಮೀನಿನ ತಟ್ಟೆಯನ್ನು ತಿರುಗಿಸಿ, ಎಲ್ಲಕ್ಕಿಂತ ರುಚಿಯಾದ ಕೆನ್ನೆಯ ಭಾಗವನ್ನು ಭಾವನ ಕಡೆಗೆ ಮಾಡಿಟ್ಟ.