ಬೆನ್ನ ಹಿಂದೆ ತಟ್ಟಿದ ಬಟ್ಟಲು

ಬುಕ್ಕಾಂಬುಧಿಯ ಕುಂಬಾರರ ದ್ಯಾಮಮ್ಮ ತಾನು ಮಾಡಿದ ಪಾತ್ರೆಯನ್ನ ತಾನು ತಟ್ಟಿ ನೋಡ್ತಿರಲಿಲ್ಲ ಕಣ್ರೀ. ಮಡಕೆ ಸುಡೋ ಆವಿಗೆ ಬಿಚ್ಚಿದ ದಿನ, ಬೆಂದ ಪಾತ್ರೆ ಗಟ್ಟಿಯೋ ಒಳಬಿರುಕೋ ಅಂತ ಬೆರಳ ಗೆಣ್ಣಿನಲ್ಲಿ ತಟ್ಟಿ ಕೇಳೋದು ಕುಂಬಾರರೆಲ್ಲ ಮಾಡೋ ಕೆಲಸವೇ. ಆದರೆ ಅವಳ ಮನೆ ಪದ್ಧತಿ ಬೇರೆ. ಮಾಡಿದವಳು ಬೆನ್ನು ತಿರುಗಿಸಿ ಕೂರಬೇಕು, ತಟ್ಟೋರು ಇನ್ನೊಬ್ಬರು. ಯಾಕೆ ಅಂದ್ರೆ, "ಹೆತ್ತೋರಿಗೆ ಹೆಗ್ಗಣ ಮುದ್ದು. ನಮ್ದು ನಮ್ಮ ಕಿವಿಗೆ ಯಾವಾಗ್ಲೂ ಠಣ್ ಅಂತಾನೇ ಕೇಳುಸ್ತದೆ" ಅನ್ನೋಳು. ದನಿ ಸತ್ತಿದ್ದನ್ನ ತಟ್ಟಿದವರೇ ಒಯ್ದು ಕೆರೆಗೆ ಎಸೀಬೇಕು. ಮಾಡಿದವಳು ತಿರುಗಿ ನೋಡೋ ಹಾಗಿಲ್ಲ.

ಅವ್ವ ಇರೋವರೆಗೆ ಅವ್ವ ತಟ್ಟಿದಳು. ಆಮೇಲೆ ಆರು ವರ್ಷ ಅವಳ ಬೆನ್ನ ಹಿಂದೆ ಕೂತವಳು ತರೀಕೆರೆಯ ಅಂಬರೀನ್.

ಅಂಬರೀನ್ ದೊಡ್ಡ ಊರಲ್ಲಿ ಸೆರಾಮಿಕ್ಸ್ ಓದಿದವಳು. ಜಪಾನಿನ ಥರದ ಚಹಾ ಬಟ್ಟಲು ಮಾಡ್ಬೇಕು, ನಿಮ್ಮ ಕೆರೆ ಮಣ್ಣು ಕೊಡಿ ಅಂತ ಬಂದಳು. ಅವಳು ತಂದ ಮಾದರಿ ನೋಡಿ ದ್ಯಾಮಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಿದ್ದಳು. "ಹಿಡಿ ಇಲ್ಲ, ಸಾಸರ್ ಇಲ್ಲ, ಬಾಯಿ ಬೇರೆ ಸೊಟ್ಟ. ಇದ್ರಲ್ಲಿ ಟೀ ಕುಡಿಯೋ ಮಾರಾಯ ಯಾರೇ?"

"ಎರಡೂ ಕೈಲಿ ಹಿಡ್ಕೊಂಡು ನಿಧಾನಕ್ಕೆ ಕುಡೀತಾರೆ ಅಕ್ಕಾ. ಸೊಟ್ಟ ಇದ್ರೇನೇ ಅವರಿಗೆ ಚೆಂದ."

ಮೊದಲ ಸಲ ಬರೀ ಕೆರೆ ಮಣ್ಣಿನಲ್ಲಿ ಮಾಡಿದ ಬಟ್ಟಲುಗಳು ಚಹಾ ಬಟ್ಟಲಿಗೆ ಬೇಕಾದ ಜೋರು ಕಾವು ತಡೀಲಾರದೆ ಕರಗಿ ಬೆಲ್ಲದ ಪಾಕ ಆಗಿ ಕೂತವು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಬಿಳಿ ಮಣ್ಣು ಬೆರೆಸಿದರು, ಇಟ್ಟಿಗೆ ಹೊತ್ತು ಉದ್ದನೆಯ ಹೊಸ ಆವಿಗೆ ಕಟ್ಟಿದರು. ದ್ಯಾಮಮ್ಮ ಆ ಹುಡುಗಿಗೆ ಮೊದಲು ಕಲಿಸಿದ್ದೇ ತಟ್ಟೋದನ್ನ. "ಅಂಗೈಲಿ ತಬ್ಬಿ ಹಿಡಿದ್ರೆ ಎಂಥಾ ಗಟ್ಟಿ ಪಾತ್ರೇನೂ ಮೂಗಾಗ್ತದೆ ಕಣೇ. ಬೆರಳ ತುದಿ ಮೇಲೆ ಕೂರ್ಸು, ಆಮೇಲೆ ತಟ್ಟು." ರಂಜಾನ್ ಬಂದರೆ ಅಂಬರೀನ್ ತಾಯಿ ಖತೀಜಾಬಿ ಡಬ್ಬಿ ತುಂಬ ಶೀರ್ ಖುರ್ಮಾ ಕಳಿಸೋರು. ಒಡಹುಟ್ಟಿದವಳಿದ್ದಿದ್ರೂ ಅಷ್ಟು ಹಚ್ಕೊತಿರಲಿಲ್ಲ ದ್ಯಾಮಮ್ಮ.

ಈ ವರ್ಷ ಜಪಾನಿನ ಹಿರಿಯ ಕುಂಬಾರರೊಬ್ಬರು ಕಡೂರಿಗೆ ಬರ್ತಾರೆ ಅಂತ ಸುದ್ದಿ ಬಂತು. ಸುತ್ತಲ ಕುಂಬಾರರು ತಲೆಗೊಂದು ಬಟ್ಟಲು ಕೊಡಬೇಕು. ಅವರು ಮೆಚ್ಚಿದ ಬಟ್ಟಲು ಮಾಡಿದವರಿಗೆ ಆರು ತಿಂಗಳು ಅವರ ಊರಲ್ಲೇ ಕಲಿಕೆ. "ನೀನೇ ಹೋಗಕ್ಕಾ" ಅಂದಳು ಅಂಬರೀನ್. "ಥೂ, ಈ ವಯಸ್ಸಲ್ಲಿ ಎಂಥಾ ಜಪಾನು!" ಅಂದಳು ದ್ಯಾಮಮ್ಮ. ಅಂದವಳೇ ಮಾರನೇ ದಿನ ಅಜ್ಜಂಪುರಕ್ಕೆ ಹೋಗಿ, ಪಾಸ್‌ಪೋರ್ಟಿಗೆ ಅಂತ ಫೋಟೋ ತೆಗೆಸ್ಕೊಂಡು ಬಂದಳು. ಆಸೆ ಇತ್ತು. ಯಾಕಿರಬಾರದು?

ಹುಣಸೆ ಸೌದೆ, ತೆಂಗಿನ ಗರಿ ಹಾಕಿ ಮೂರು ದಿನ ಉರಿಸಿದರು. ಆರಲಿಕ್ಕೆ ಬಿಟ್ಟು ಐದನೇ ಬೆಳಿಗ್ಗೆ ಬಿಚ್ಚಿದರೆ, ದ್ಯಾಮಮ್ಮನ ಒಂದು ಬಟ್ಟಲು ಬಂದಿತ್ತು ನೋಡಿ! ಹಾರಿದ ಬೂದಿ ಮೈಮೇಲೆ ಕರಗಿ, ಹುಣಸೆ ಚಿಗುರಿನ ಬಣ್ಣದಲ್ಲಿ ಇಳಿದಿತ್ತು. ಅವಳು ಎಡಚಿ. ಎಡ ಹೆಬ್ಬೆರಳು ಒತ್ತಿದ ಗುಳಿಯಲ್ಲಿ ಆ ಹಸಿರು ಬಂದು ನಿಂತಿತ್ತು. ದ್ಯಾಮಮ್ಮ ಅದನ್ನ ಅಂಬರೀನ್ ಕೈಗಿಟ್ಟು ಬೆನ್ನು ತಿರುಗಿಸಿ ಕೂತಳು.

ಲೊಡ್.

"ಅಕ್ಕಾ... ದನಿ ಸತ್ತಿದೆ."

"ಇನ್ನೊಂದ್ಸಲ ತಟ್ಟೇ."

ಲೊಡ್.

ದ್ಯಾಮಮ್ಮ ಸೆರಗು ಬಾಯಿಗಿಟ್ಕೊಂಡು ಅತ್ತಳು. ಆದರೂ ತಿರುಗಲಿಲ್ಲ. "ಎಸೆದು ಬಾ, ಹೋಗು" ಅಂದಳು. ಅಂಬರೀನ್ ಕೆರೆ ಏರಿ ಕಡೆ ಹೋದಳು. ಕಡೂರಿಗೆ ದ್ಯಾಮಮ್ಮ ಇನ್ಯಾವುದೋ ಸಾದಾ ಬಟ್ಟಲು ಕೊಟ್ಟು ಕಳಿಸಿದಳು.

ಹತ್ತು ದಿನ ಆದಮೇಲೆ ತಮ್ಮ ತಿಪ್ಪೇಶ ಮೊಬೈಲ್ ಹಿಡ್ಕೊಂಡು ಬಂದ. ಅದರಲ್ಲೊಂದು ಫೋಟೋ, ಜಪಾನಿನ ಮುದುಕರ ಕೈಯಲ್ಲಿ ಆ ಬಟ್ಟಲು. ಅದೇ ಹಸಿರು, ಅದೇ ಎಡ ಹೆಬ್ಬೆರಳ ಗುಳಿ. ಕೆಳಗೆ 'ಅಂಬರೀನ್, ತರೀಕೆರೆ' ಅಂತಿತ್ತು.

"ಕತ್ತು ಕುಯ್ದವ್ಳೆ ಕಣಕ್ಕಾ!"

"ಬಾಯ್ಮುಚ್ಚೋ ಲೇ. ಬಿರುಕು ಬಿಟ್ಟಿದ್ದೂ ಆ ಜಪಾನಿನೋರಿಗೆ ಚೆಂದವಂತೆ. ಎಸೆಯೋಕೆ ಮನಸ್ಸಾಗ್ದೆ ಮಡಿಕ್ಕೊಂಡವ್ಳೆ. ಹೆಸ್ರು ಯಾರೋ ತಪ್ಪು ಬರ್ದಿರ್ತಾರೆ."

ಹಿಂಗೂ ಉಂಟಾ! ಆದರೆ ಅವಳು ನಂಬಲೇಬೇಕಿತ್ತು ಪಾಪ, ಬೇರೆ ದಾರಿ ಇರಲಿಲ್ಲ. ಫೋನ್ ಮಾಡಿದರೆ ಅಂಬರೀನ್ ಎತ್ತಲಿಲ್ಲ. ದ್ಯಾಮಮ್ಮ ಅಜ್ಜಂಪುರದಲ್ಲಿ ಬಸ್ ಬದಲಾಯಿಸಿ ಕಡೂರಿಗೆ ಹೊರಟಳು. ದಾರಿಯುದ್ದಕ್ಕೂ ದೇವರಲ್ಲಿ ಕೇಳ್ಕೊಂಡಿದ್ದು ಒಂದೇ. ಆ ಬಟ್ಟಲು ಒಡಕಾಗಿರಲಿ ತಂದೇ. ನನ್ನ ಕೈಯ ಅತಿ ಒಳ್ಳೇ ಬಟ್ಟಲು ನಿಜವಾಗ್ಲೂ ಒಡಕಾಗಿರಲಿ, ಆ ಹುಡುಗಿ ಸುಳ್ಳು ಹೇಳಿಲ್ಲ ಅಂತ ಆಗ್ಲಿ.

ಕಡೂರಿನ ಹಾಲ್‌ನಲ್ಲಿ ಮೇಜಿನ ಮೇಲೆ ಬಟ್ಟಲು, ಅದರ ಪಕ್ಕ ಮುದುಕರು, ಪಕ್ಕದಲ್ಲಿ ಹೊಸ ದುಪಟ್ಟಾ ಹೊದ್ದ ಅಂಬರೀನ್. ದ್ಯಾಮಮ್ಮನನ್ನ ಕಂಡು ಅವಳ ಮುಖ ಸುಣ್ಣ ಆಯ್ತು.

"ಅಕ್ಕಾ, ನಾನೇ ಬರೋಳಿದ್ದೆ ಹೇಳೋಕೆ..."

"ಏನೂ ಹೇಳ್ಬೇಡ. ತಟ್ಟು."

ಅಷ್ಟು ಜನರ ನಡುವೆ ದ್ಯಾಮಮ್ಮ ನೆಲದ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟಳು. ಮುದುಕರಿಗೆ ಕುತೂಹಲ. ತಟ್ಟು ಅಂತ ಅವರೂ ಸನ್ನೆ ಮಾಡಿರಬೇಕು, ಯಾರೋ ನಕ್ಕರು. ಅಂಬರೀನ್ ಬಟ್ಟಲು ಎತ್ತಿಕೊಂಡ ಬಳೆ ಸದ್ದು ಕೇಳಿಸಿತು.  ದನಿ ಸತ್ತಿದ್ದು ಅಂತ ಈಗ ತೋರಿಸಿದರೆ ಜಪಾನು ಹೋಯ್ತು, ಠಣ್ ಅನ್ನಿಸಿದರೆ ಆವತ್ತಿನ ಸುಳ್ಳು ಬಯಲಾಯ್ತು.

ಠಣ್!

ದೇವಸ್ಥಾನದ ಗಂಟೆ ಹಂಗೆ ಹಾಲ್ ತುಂಬ ಹಬ್ಬಿತು. ಜನ ಚಪ್ಪಾಳೆ ತಟ್ಟಿದರು. ದ್ಯಾಮಮ್ಮ ಮಾತ್ರ ಎದ್ದು ತಿರುಗಿದಳು. ಬಟ್ಟಲು ಅಂಬರೀನಳ ಬೆರಳ ತುದಿ ಮೇಲೆ ಕೂತಿತ್ತು, ತಾನು ಕಲಿಸಿದ ಹಾಗೇ.

"ಆವತ್ತು ನೀನು ಅಂಗೈಲಿ ತಬ್ಬಿ ಹಿಡಿದಿದ್ದೆ. ಅಲ್ವೇನೇ?"

ಅಂಬರೀನ್ ತಲೆ ಎತ್ತಲಿಲ್ಲ. "ನಿನ್ನ ಮುಂದೆ ನನ್ನದು ಯಾವತ್ತೂ ಗೆಲ್ತಿರಲಿಲ್ಲ ಅಕ್ಕಾ" ಅಂದಳು, ಅಳ್ತಾ.

"ಕೇಳಿದ್ರೆ ಕೊಟ್ಬಿಡ್ತಿದ್ನಲ್ಲೇ, ಪಾಪಿ! ಹೋಗು, ಜಪಾನಿಗೆ ನೀನೇ ಹೋಗು. ನನ್ನ ಬೆನ್ನ ಹಿಂದೆ ಮಾತ್ರ ಇನ್ಯಾವತ್ತೂ ಕೂರಬೇಡ."

ಮುಂದಿನ ಆವಿಗೆ ಬಿಚ್ಚಿದ ದಿನ ತಟ್ಟೋಕೆ ತಿಪ್ಪೇಶ ಬಂದ. ದ್ಯಾಮಮ್ಮ ಬೇಡ ಅಂದು ತಾನೇ ಒಂದೊಂದಾಗಿ ಬೆರಳ ತುದಿ ಮೇಲೆ ಕೂರಿಸಿ ತಟ್ಟಿದಳು. ಎಲ್ಲವೂ ಠಣ್ ಅಂದವು. ಅವಳು ಒಂದನ್ನೂ ನಂಬಲಿಲ್ಲ.