ಹದಿನೇಳನೆಯ ಪ್ರಶ್ನೆ

ಆ ಕಾಲದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಗ್ಯಾಲರಿಗೆ ಇನ್ನೂ ಗಾಜಿನ ಗೋಡೆ ಬಂದಿರಲಿಲ್ಲ. ಮೇಲೆ ಕುಳಿತವರು ಕೆಮ್ಮಿದರೆ ಕೆಳಗಿನ ಮಂತ್ರಿಗಳಿಗೂ ಕೇಳಿಸುತ್ತಿತ್ತು. ಅದನ್ನೇ ಯೋಚಿಸಿ ರಜನಿ ಅತ್ತೆಗಾಗಿ ಪರ್ಸಿನಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಿದ್ದಳು.

ತೊಂಬತ್ತೆಂಟರ ಚಳಿಗಾಲ. ಧಾರವಾಡದಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದ ಅತ್ತೆ ಶಿವಕ್ಕನನ್ನು ಸಟನ್ ಎಂಬ ಬಡಾವಣೆಯ ತಮ್ಮ ಮನೆಯಲ್ಲೇ ಉಳಿಸಿಕೊಳ್ಳಲು ಅರ್ಜಿ ಹಾಕಿದ್ದರು. ಗಂಡ ಶರಣಬಸವ ಆಸ್ಪತ್ರೆಯ ಡಾಕ್ಟರು. ಮನೆಯಲ್ಲಿ ಇದ್ದದ್ದಕ್ಕಿಂತ ವಾರ್ಡಿನಲ್ಲಿ ಇದ್ದದ್ದೇ ಹೆಚ್ಚು. ಮೈಸೂರಿನ ತುಂಬಿದ ಮನೆಯಲ್ಲಿ ಬೆಳೆದ ರಜನಿ ಇಲ್ಲಿಗೆ ಬಂದ ಮೇಲೆ ಟಿವಿಯಲ್ಲಿ ಹವಾಮಾನ ಹೇಳುವವನಿಗೆ ಉತ್ತರ ಕೊಡುವುದನ್ನು ಕಲಿತಿದ್ದಳು. ಅತ್ತೆ ಬಂದರು, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಬಂತು. ಪಕ್ಕದ ಮನೆಯ ಮುದುಕಿಯನ್ನು ಬೇಲಿಯ ಮೇಲಿಂದಲೇ, ಧಾರವಾಡದ ಕನ್ನಡದಲ್ಲೇ, ಮೊಣಕಾಲು ಹೇಗಿದೆ ಎಂದು ವಿಚಾರಿಸುವುದೂ ಶುರುವಾಯಿತು. ಅತ್ತೆ ಹೊರಟುಹೋದರೆ ಮನೆ ಮತ್ತೆ ಮೂಕವಾಗುತ್ತದೆ. ರಜನಿಗೆ ಇದ್ದ ಭಯ ಅದೊಂದೇ.

ಅವರ ಕ್ಷೇತ್ರದ ಎಂಪಿ ಒಳ್ಳೆಯ ಹೆಂಗಸು. "ನಿಮ್ಮ ಅತ್ತೆಯಂಥವರ ವಿಷಯವಾಗಿ ಮಂತ್ರಿಗೆ ಪ್ರಶ್ನೆ ಹಾಕಿದ್ದೇನೆ. ಪ್ರಶ್ನೆಗಳ ಸರದಿಗೆ ಚೀಟಿ ಎತ್ತುವಾಗ ಹದಿನೇಳನೆಯದಾಗಿ ಬಂದಿದೆ. ಅಷ್ಟರಲ್ಲಿ ಸಮಯ ಮುಗಿಯದಿದ್ದರೆ ಕೇಳುತ್ತೇನೆ, ಬನ್ನಿ," ಎಂದು ಪಾಸು ಕಳಿಸಿದ್ದಳು.

ಗ್ಯಾಲರಿಯ ಇಕ್ಕಟ್ಟಿನ ಬೆಂಚಿನಲ್ಲಿ ಶಿವಕ್ಕ ಇಳಕಲ್ ಸೀರೆಯ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿ ಕುಳಿತಿದ್ದರು. ಕೆಳಗೆ ಒಂದೊಂದು ಉತ್ತರ ಮುಗಿದಾಗಲೂ ಹತ್ತಾರು ಮಂದಿ ಎದ್ದು ನಿಂತು ಮತ್ತೆ ಕೂರುತ್ತಿದ್ದರು.

"ಇವ್ರ್ಯಾಕ ರಜನಿ, ಎದ್ದ ಎದ್ದ ಕೂಡಾಕತ್ತಾರ? ಬೆಂಚಿನಾಗ ತಗಣಿ ಅದಾವೇನ?"

"ಶ್! ಸ್ಪೀಕರ್ ಕಣ್ಣಿಗೆ ಬೀಳ್ಬೇಕು ಅಂತ ಅತ್ತೆ. ಕಣ್ಣಿಗೆ ಬಿದ್ದೋರಿಗೆ ಮಾತಾಡೋಕೆ ಬಿಡ್ತಾರೆ."

"ಹಂಗಾರ ನಾವೂ ಎದ್ದ ನಿಂದ್ರೂಣೇನ?"

"ಅಯ್ಯೋ ಬೇಡಿ! ನಾವಿಲ್ಲಿ ಉಸಿರೂ ಬಿಡೋ ಹಾಗಿಲ್ಲ."

ಜೈಲು, ಪೊಲೀಸು, ಪಾಸ್‌ಪೋರ್ಟು. ಒಂದಾದ ಮೇಲೊಂದು ಪ್ರಶ್ನೆ ತೆವಳುತ್ತಿತ್ತು. ಯಾರೋ ಒಬ್ಬರು ಹಾಸ್ಯ ಮಾಡಿದರು, ಸಭೆಯೆಲ್ಲ ನಕ್ಕಿತು. ನಗುವುದಕ್ಕೂ ಹೊತ್ತು ಹಿಡಿಯುತ್ತದಲ್ಲ ಎಂದು ರಜನಿಗೆ ಸಂಕಟ. ಗಡಿಯಾರ ನೋಡುವುದು, ಅತ್ತೆಯನ್ನು ನೋಡುವುದು, ಮತ್ತೆ ಗಡಿಯಾರ.

ಕೊನೆಗೂ ಎಂಪಿ ಎದ್ದಳು. "ನಂಬರ್ ಹದಿನೇಳು" ಎಂದವಳೇ ಕುಳಿತುಬಿಟ್ಟಳು.

"ಇಷ್ಟ? ನನ್ನ ಹೆಸರ ಎಲ್ಲಿ?"

"ಪ್ರಶ್ನೆ ಮೊದಲೇ ಅಚ್ಚಾಗಿರುತ್ತೆ ಅತ್ತೆ. ಇಲ್ಲಿ ನಂಬರ್ ಮಾತ್ರ ಹೇಳ್ತಾರೆ."

"ದವಾಖಾನಿ ಚೀಟಿ ಆದಂಗಾತು."

ಮಂತ್ರಿ ನಿಯಮಗಳನ್ನು ಒಂದೇ ದನಿಯಲ್ಲಿ ಓದಿ ಮುಗಿಸಿದರು. ಎಂಪಿ ಮತ್ತೆ ಎದ್ದಳು. ಈ ಸಲ ಅವಳ ದನಿ ಮೆತ್ತಗಿತ್ತು. ರಜನಿ ಒಂದೊಂದೇ ಮಾತನ್ನು ಅತ್ತೆಯ ಕಿವಿಗೆ ಕನ್ನಡದಲ್ಲಿ ದಾಟಿಸಿದಳು: "ನನ್ನ ಕ್ಷೇತ್ರದಲ್ಲಿ ಒಬ್ಬ ವಿಧವೆ ಇದ್ದಾರೆ. ಅವರ ದೇಶದಲ್ಲಿ ಅವರಿಗೆ ತಮ್ಮವರು ಅನ್ನೋರು ಯಾರೂ ಇಲ್ಲ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾರೂ ಇಲ್ಲ ಅಂದ್ರ?"

"ಅದು... ನೋಡ್ಕೊಳ್ಳೋರು ಇಲ್ಲ ಅಂತ. ಊರಲ್ಲಿ ಯಾರೂ ಇಲ್ಲದೋರಿಗೆ ಮಾತ್ರ ಇಲ್ಲಿರೋಕೆ ಬಿಡ್ತಾರೆ, ನಿಯಮ ಹಾಗಿದೆ ಅತ್ತೆ."

"ನನ್ನ ತಂಗಿ ಪಾರ್ವತೆವ್ವ ಊರಾಗ ಕಲ್ಲಿನಂಗ ಗಟ್ಟಿ ಅದಾಳ. ಓಣಿ ತುಂಬ ಮಂದಿ ಅದಾರ. ಇದ್ದವರನ್ನ ಇಲ್ಲ ಅನಬಾರದವ್ವ!"

ಶಿವಕ್ಕ ಎದ್ದು ನಿಂತರು. ಅವರ ಊರಿನ ಚಾವಡಿಯಲ್ಲಿ ಪದ್ಧತಿ ಹಾಗೆ. ತನ್ನ ಸುದ್ದಿ ನಡೆದಿರುವಾಗ ತಪ್ಪು ಮಾತು ಬಂದರೆ ಕೂಗಾಡುವುದಿಲ್ಲ. ತಲೆ ತುಂಬ ಸೆರಗು ಹೊದ್ದು ಎದ್ದು ನಿಲ್ಲಬೇಕು. ಹಿರಿಯರು ಮಾತು ನಿಲ್ಲಿಸಿ "ಹೇಳವ್ವ" ಅನ್ನುತ್ತಾರೆ. ಆ "ಹೇಳವ್ವ"ಗಾಗಿ ಅವರು ಕಾಯುತ್ತಾ ನಿಂತರು.

ಕೆಳಗಿನಿಂದ ಎಂಪಿ ಕತ್ತೆತ್ತಿ ನೋಡಿದಳು. ಮುದುಕಿ ಕೃತಜ್ಞತೆಗೆ ಎದ್ದಿದ್ದಾಳೆಂದುಕೊಂಡು ಮುಗುಳ್ನಕ್ಕಳು. ಕಪ್ಪು ಕೋಟಿನ ಕಾವಲುಗಾರ ಬಗ್ಗಿ ಬಂದ.

"ಒಂದ ಮಾತ ಹೇಳಿ ಕೂಡ್ತೀನಪಾ," ಎಂದರು ಶಿವಕ್ಕ ಅವನಿಗೆ.

ರಜನಿ ಕೈ ಹಿಡಿದು ಜಗ್ಗಿ ಕೂರಿಸಿದಳು. ಅಷ್ಟರಲ್ಲಿ ಮಂತ್ರಿ ಸಹಾನುಭೂತಿ ಸೂಚಿಸಿ, ಪರಿಶೀಲಿಸಿ ಪತ್ರ ಬರೆಯುವುದಾಗಿ ಹೇಳಿ ಮುಗಿಸಿದ್ದರು.

ಹೊರಗೆ, ನದಿಯ ಸೇತುವೆಯ ಮೇಲೆ ಗಾಳಿ ಮೈ ಕೊರೆಯುತ್ತಿತ್ತು.

"ಮಂತ್ರಿ ಏನಂದ?"

"ನೋಡ್ತೀನಿ, ಬರೀತೀನಿ ಅಂದ್ರು."

"ನಮ್ಮ ಕಡೆ ಮಂತ್ರಿನೂ ಅದನ್ನ ಅಂತಾರ." ಸ್ವಲ್ಪ ದೂರ ನಡೆದು ಶಿವಕ್ಕ ನಿಂತರು. "ನಾಳಿ ಆಕಿಗೆ ಫೋನ್ ಮಾಡಿ ಹೇಳ. ನನಗ ಮಂದಿ ಅದಾರಂತ."

"ಹಾಗಂದ್ರೆ ನಿಮ್ಮನ್ನ ವಾಪಸ್ ಕಳಿಸಿಬಿಡ್ತಾರೆ ಅತ್ತೆ."

"ಕಳಿಸಲಿ. ಅನಾಥಿ ಅನಿಸ್ಕೊಂಡು ಮಗನ ಮನ್ಯಾಗ ಉಣ್ಣಲಿ ಏನ?"

"ಮತ್ತೆ ನನಗೆ? ನನಗೆ ಇಲ್ಲಿ ಯಾರೂ..."

ಶಿವಕ್ಕ ಸೊಸೆಯ ಮುಖವನ್ನು ನೋಡಿದರು. ಅವಳ ತಣ್ಣಗಿನ ಕೈಯನ್ನು ತಮ್ಮ ಶಾಲಿನೊಳಗೆ ಎಳೆದುಕೊಂಡರು.

ಮರುದಿನ ರಜನಿ ಫೋನ್ ಮಾಡಿದಳು. ಪದ ಹುಡುಕಿ ಹುಡುಕಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಹಾಗಿದ್ದರೆ ಅರ್ಜಿ ನಿಲ್ಲುವುದು ಕಷ್ಟ ಎಂದಳು ಎಂಪಿ. ಶರಣಬಸವ ತಾಯಿಗೆ ಊರಿನ ಟಿಕೆಟ್ ತೆಗೆಸಿದ.

ಉಳಿದ ವಾರಗಳಲ್ಲಿ ಶಿವಕ್ಕ ಮನೆಯಲ್ಲಿ ಕೂರಲಿಲ್ಲ. ಬೇಲಿಯಾಚೆಯ ಮುದುಕಿಯನ್ನು ಊಟಕ್ಕೆ ಕರೆದರು. ನಗರದ ಆಚೆ ತುದಿಯ ಈಸ್ಟ್ ಹ್ಯಾಮಿನ ಸೀರೆ ಅಂಗಡಿಯಲ್ಲಿ ಕನ್ನಡ ಕೇಳಿಸಿತೆಂದು ನೀರಜಾ ಎಂಬವಳನ್ನು ಅಲ್ಲೇ ಹಿಡಿದು ನಿಲ್ಲಿಸಿ, ಅವಳ ನಂಬರು ಬರೆಸಿಕೊಂಡರು. "ನನ್ನ ಸೊಸಿ ಐತವಾರ ರೊಟ್ಟಿ ಮಾಡ್ತಾಳ, ಬರ್ರಿ," ಎಂದು ರಜನಿಯನ್ನು ಕೇಳದೆಯೇ ನಾಲ್ಕು ಮನೆಗಳಿಗೆ ಹೇಳಿಬಂದರು.

"ನನಗೆ ರೊಟ್ಟಿ ತಟ್ಟೋಕೆ ಬರಲ್ಲ ಅತ್ತೆ!"

"ಹರದ್ರ ಹರೀಲಿ. ಮಂದಿ ಬರೂದು ರೊಟ್ಟಿಗಲ್ಲ."

ಅತ್ತೆ ಊರಿಗೆ ಹೋದ ಮೇಲೆ ಎಷ್ಟೋ ವರ್ಷ, ಪ್ರತಿ ಭಾನುವಾರ ಸಂಜೆ ಧಾರವಾಡದ ಫೋನು ಬರುತ್ತಿತ್ತು. ಪಾರ್ವತೆವ್ವ ಮೊದಲು ಮಾತಾಡುತ್ತಿದ್ದಳು, ಶಿವಕ್ಕ ಆಮೇಲೆ. "ಇವತ್ತ ಯಾರ್ಯಾರ ಬಂದಿದ್ರ?" ಅದೊಂದೇ ಪ್ರಶ್ನೆ. ರಜನಿ ಹೆಸರುಗಳನ್ನು ಹೇಳುತ್ತಾ ಹೋಗುತ್ತಿದ್ದಳು. ಯಾರೂ ಬಾರದ ಭಾನುವಾರಗಳಲ್ಲೂ ನಾಲ್ಕೈದು ಹೆಸರು ಹೇಳದೆ ಫೋನು ಇಡುತ್ತಿರಲಿಲ್ಲ.